ಶೀಟಿನ ಮೇಲೆ ಮಳೆ, ಕೈಯಲ್ಲಿ ಕಾರ್ಡು

ನಮ್ಮ ಕಡೆ ಶಾಲೆಗೆ ಟೆಕ್ನಾಲಜಿ ಬಂತು ಅಂದರೆ ಗೋಡೆಗೊಂದು ಟಿವಿಯೋ, ಬೀರುವಿನೊಳಗೊಂದು ಪ್ರೊಜೆಕ್ಟರೋ ಬಂತು ಅಂತ ಅರ್ಥ. ದಾನಿಗಳಿಗೆ ಶಾಲು ಹೊದಿಸುತ್ತಾರೆ, ಫೋಟೋ ತೆಗೆಯುತ್ತಾರೆ, ಮಕ್ಕಳಿಗೆ ಲಾಡು ಹಂಚುತ್ತಾರೆ. ಆಮೇಲೆ ಜೂನ್ ಬರುತ್ತದೆ.

ಜೂನ್ ಬಂದರೆ ಏನಾಗುತ್ತದೆ ಅಂತ ಕೊಡಗಿನ ನಾಪೋಕ್ಲು, ಭಾಗಮಂಡಲದ ಕಡೆಯವರಿಗೆ ಹೇಳಬೇಕಾಗಿಲ್ಲ. ಮೊದಲ ಗಾಳಿಗೇ ಎಲ್ಲೋ ಒಂದು ಮರ ಲೈನಿನ ಮೇಲೆ ಬೀಳುತ್ತದೆ. ಕರೆಂಟ್ ಹೋಗುತ್ತದೆ. ಬೆಳಗ್ಗೆ ಹೋದದ್ದು ಸಂಜೆಗೆ ಬಂದರೆ ಪುಣ್ಯ. ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ, ಫೋನಿನಲ್ಲಿ ಒಂದು ಕಡ್ಡಿಯೂ ಉಳಿಯುವುದಿಲ್ಲ. ಗಾಳಿಮಳೆ ಜಾಸ್ತಿಯಾದರೆ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ. ಆ ಪಾಠವನ್ನು ಮುಂದೆ ಶನಿವಾರ ಮಧ್ಯಾಹ್ನ ಕೂತು ಮುಗಿಸಬೇಕು. ಇದರ ಜೊತೆಗೆ ಬೂಷ್ಟು. ಚಪ್ಪಲಿ, ಬೆಲ್ಟು, ಪುಸ್ತಕ ಯಾವುದನ್ನೂ ಬಿಡದ ಬೂಷ್ಟು ಪ್ರೊಜೆಕ್ಟರಿನ ಲೆನ್ಸನ್ನು ಬಿಡುತ್ತದೆಯೇ?

ನಾನು ಈ ಭಾಗದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ, ವಿಜ್ಞಾನ ಹೇಳಿಕೊಡುವ ಟೀಚರ್. ಆರು, ಏಳು, ಎಂಟನೇ ತರಗತಿಗಳು ನನಗೆ. ನನ್ನ ಹತ್ತಿರ ಇರುವುದು ಒಂದು ಹಳೆಯ ಲ್ಯಾಪ್‌ಟಾಪ್, ದಾನಿಗಳು ಕೊಟ್ಟ ಒಂದು ಪ್ರೊಜೆಕ್ಟರ್, ನನ್ನದೇ ಫೋನು. ಮಕ್ಕಳ ಕೈಯಲ್ಲಿ ಏನೂ ಇಲ್ಲ. ಇಷ್ಟರಲ್ಲಿ ಯಾವುದು ನಡೆಯಿತು, ಯಾವುದು ನಡೆಯಲಿಲ್ಲ ಅಂತ ಬರೆಯುತ್ತಿದ್ದೇನೆ. "ಯಾವ ಆ್ಯಪ್ ಬಳಸ್ತೀರಿ?" ಅಂತ ಬೇರೆ ಶಾಲೆಯವರು ಆಗಾಗ ಕೇಳುತ್ತಾರೆ. ಒಂದೇ ಮಾತಿನಲ್ಲಿ ಉತ್ತರ ಕೊಟ್ಟರೆ ಸುಮ್ನೆ ಹೆಸರು ಬರೆದುಕೊಂಡು ಹೋಗುತ್ತಾರೆ, ಅಷ್ಟೇ.

ವಿಡಿಯೋದ ವಿಷಯ ಮೊದಲು ಮುಗಿಸಿಬಿಡುತ್ತೇನೆ. ದೀಕ್ಷಾ ಆ್ಯಪ್ 2017ರಿಂದ ಇದೆ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡಿಗೆ ಫೋನು ಹಿಡಿದರೆ ಆ ಪಾಠದ ವಿಡಿಯೋ, ಚಟುವಟಿಕೆ ಸಿಗುತ್ತದೆ. ಮಡಿಕೇರಿಗೆ ಹೋದಾಗ ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್ ಇಲ್ಲದೆಯೂ ಓಡುತ್ತದೆ. ಹೃದಯ ಹೇಗೆ ಬಡಿಯುತ್ತದೆ, ಜ್ವಾಲಾಮುಖಿ ಹೇಗೆ ಉಕ್ಕುತ್ತದೆ ಅಂತ ತೋರಿಸಲು ವಿಡಿಯೋ ಬೇಕೇ ಬೇಕು. ಆದರೆ ವಿಡಿಯೋ ಹಾಕಿದಾಗ ಮಕ್ಕಳು ಎಷ್ಟು ಚೆನ್ನಾಗಿ ಸುಮ್ಮನಿರುತ್ತಾರೆ ಅಂದರೆ, ಯಾರಿಗೆ ಅರ್ಥವಾಯಿತು, ಯಾರು ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡಿದರು ಅಂತ ಗೊತ್ತಾಗುವುದಿಲ್ಲ. ನನಗೆ ಬೇಕಾಗಿದ್ದದ್ದು ಮಕ್ಕಳಿಗೆ ಏನಾದರೂ ತೋರಿಸುವ ಯಂತ್ರಕ್ಕಿಂತ, ಮಕ್ಕಳ ತಲೆಯಲ್ಲಿ ಏನಿದೆ ಅಂತ ನನಗೆ ತೋರಿಸುವ ಯಂತ್ರ.

ಅದು ಯಾಕೆ ಅಷ್ಟು ಬೇಕಾಯಿತು ಅಂದರೆ, ನಮ್ಮ ತರಗತಿಗೆ ಶೀಟಿನ ಮಾಡು. ಮಳೆ ಬಿರುಸಾದರೆ ನಾನು ಕೂಗಿದ್ದು ಮೂರನೇ ಬೆಂಚಿಗೆ ಮುಟ್ಟುವುದಿಲ್ಲ. ಹಿಂದಿನ ಬೆಂಚಿನ ಹುಡುಗಿ ಹೇಳಿದ ಉತ್ತರ ನನಗೆ ಮುಟ್ಟುವುದಿಲ್ಲ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ಪೀರಿಯಡ್ಡುಗಟ್ಟಲೆ ಹೀಗೇ. ಬೋರ್ಡಿನಲ್ಲಿ ಬರೆಯುವುದು, ಅವರು ನೋಡಿ ಬರೆದುಕೊಳ್ಳುವುದು. ಮಳೆ ಇಲ್ಲದ ದಿನವಾದರೂ ಎಲ್ಲ ಸರಿಯೇ? ಆಗಲೂ ಉತ್ತರ ಹೇಳುವುದು ಅದೇ ಮೂರ್ನಾಲ್ಕು ಮಕ್ಕಳು. ತೋಟದ ಕೆಲಸಗಾರರ ಲೈನ್ ಮನೆಯಿಂದ ಬರುವ ಮಕ್ಕಳು, ಯರವ ಬುಡಕಟ್ಟಿನ ಮಕ್ಕಳು ಬಾಯಿ ಬಿಡುವುದು ಕಡಿಮೆ.

ಆಗ ಸಿಕ್ಕಿದ್ದು ಪ್ಲಿಕರ್ಸ್ ಅನ್ನುವ ಆ್ಯಪ್. ತರಬೇತಿಯಲ್ಲಿ ಪರಿಚಯವಾದ ಮೈಸೂರಿನ ಒಬ್ಬ ಟೀಚರ್ ಇದರ ಬಗ್ಗೆ ಹೇಳಿದರು. ಇದರಲ್ಲಿ ಮಕ್ಕಳಿಗೆ ಫೋನು ಬೇಡ, ಒಂದೊಂದು ಕಾಗದದ ಕಾರ್ಡು ಸಾಕು. ಕಾರ್ಡಿನ ಮೇಲೆ ಕಪ್ಪು ಬಿಳುಪಿನ ಚೌಕಗಳ ಒಂದು ಚಿತ್ರ ಇರುತ್ತದೆ, ಪ್ರತಿ ಕಾರ್ಡಿಗೂ ಬೇರೆ ಬೇರೆ. ಅದರ ನಾಲ್ಕು ಅಂಚಿನಲ್ಲಿ ಸಣ್ಣದಾಗಿ ಎ, ಬಿ, ಸಿ, ಡಿ ಅಂತ ಬರೆದಿರುತ್ತದೆ. ಉತ್ತರ 'ಬಿ' ಅನ್ನಿಸಿದರೆ ಬಿ ಇರುವ ಅಂಚು ಮೇಲೆ ಬರುವ ಹಾಗೆ ಹಿಡಿಯಬೇಕು. ನಾನು ಮುಂದೆ ನಿಂತು ಫೋನಿನ ಕ್ಯಾಮೆರಾವನ್ನು ನಿಧಾನಕ್ಕೆ ಎಡದಿಂದ ಬಲಕ್ಕೆ ತಿರುಗಿಸಿದರೆ ಯಾವ ನಂಬರಿನವರು ಏನು ಹೇಳಿದರು ಅಂತ ಫೋನಿನಲ್ಲಿ ಬೀಳುತ್ತದೆ. ಪಕ್ಕದವನ ಕಾರ್ಡು ನೋಡಿ ಕಾಪಿ ಹೊಡೆಯಲು ಆಗುವುದಿಲ್ಲ. ಅವನ ಚಿತ್ರವೇ ಬೇರೆ, ಅಕ್ಷರ ಕಾಣುವಷ್ಟು ದೊಡ್ಡದೂ ಅಲ್ಲ.

ಕಾರ್ಡುಗಳನ್ನು ಅವರ ವೆಬ್‌ಸೈಟಿನಿಂದ ಪುಕ್ಕಟೆ ಇಳಿಸಿಕೊಂಡು ಪ್ರಿಂಟ್ ಹಾಕಿಸಿದೆ. ಇಲ್ಲಿ ಒಂದು ಮಾತು. ನಮ್ಮ ಹವೆಗೆ ಸಾದಾ ಕಾಗದ ನಿಲ್ಲುವುದಿಲ್ಲ. ಜುಲೈ ಹೊತ್ತಿಗೆ ಮೆತ್ತಗಾಗಿ ಬಾಗುತ್ತದೆ, ಬಾಗಿದ ಕಾರ್ಡು ಕ್ಯಾಮೆರಾಕ್ಕೆ ಸಿಗುವುದಿಲ್ಲ. ಹಾಗಂತ ಹೊಳೆಯುವ ಲ್ಯಾಮಿನೇಷನ್ ಮಾಡಿಸಿದರೆ ಟ್ಯೂಬ್‌ಲೈಟಿನ ಬೆಳಕು ಬಿದ್ದು ಹೊಳಪು ಹೊಡೆಯುತ್ತದೆ, ಆಗಲೂ ಸಿಗುವುದಿಲ್ಲ. ದಪ್ಪ ಕಾಗದದಲ್ಲಿ ಪ್ರಿಂಟ್ ಮಾಡಿ ಮದುವೆ ಕಾರ್ಡಿನ ರಟ್ಟಿಗೆ ಅಂಟಿಸಿದ್ದು ಬಾಳಿಕೆ ಬಂತು. ಹೆಬ್ಬೆರಳು ಚಿತ್ರದ ಮೇಲೆ ಬಾರದ ಹಾಗೆ ಹಿಡಿಯುವುದನ್ನು ಮಕ್ಕಳಿಗೆ ಹೇಳಿಕೊಡಲೇಬೇಕು.

ಪ್ರಶ್ನೆಗಳನ್ನು ಮನೆಯಲ್ಲಿ ಹಾಕಿಟ್ಟುಕೊಳ್ಳುತ್ತೇನೆ. ಆ್ಯಪ್‌ಗೆ ಸ್ವಲ್ಪ ನೆಟ್ ಬೇಕು. ನಮ್ಮ ಏಳನೇ ತರಗತಿಯ ಕಿಟಕಿ ಪಕ್ಕ ಹೇಗೋ ಸಿಗ್ನಲ್ ಸಿಗುತ್ತದೆ. ಮಕ್ಕಳ ಹೆಸರು ಹಾಕಿಲ್ಲ, ಹಾಜರಿ ನಂಬರ್ ಮಾತ್ರ. ಟವರ್ ಸತ್ತ ದಿನಕ್ಕೆ ಬೇರೆ ವ್ಯವಸ್ಥೆ ಇದೆ: ನಾಲ್ಕು ಬಣ್ಣದ ಕಾಗದದ ಚೌಕಗಳು. ಕೆಂಪು ಎತ್ತಿದರೆ ಎ, ಹಳದಿ ಎತ್ತಿದರೆ ಬಿ, ಹೀಗೆ. ಎಲ್ಲರೂ ಕಣ್ಣು ಮುಚ್ಚಿ ಎತ್ತಬೇಕು, ನಾನು ಕಣ್ಣಲ್ಲೇ ಎಣಿಸಿಕೊಳ್ಳುತ್ತೇನೆ. ಯಾರು ಏನು ಹೇಳಿದರು ಅಂತ ಆಮೇಲೆ ಮನೆಯಲ್ಲಿ ಕೂತು ನೋಡಲು ಆಗುವುದಿಲ್ಲ, ಅದೊಂದೇ ನಷ್ಟ.

ಒಂದು ಪಾಠ ಹೇಗೆ ನಡೆಯಿತು ಅಂತ ಹೇಳುತ್ತೇನೆ. ಏಳನೇ ತರಗತಿ, ವಿದ್ಯುತ್ ಮಂಡಲ. ಬೋರ್ಡಿನಲ್ಲಿ ಚಿತ್ರ ಬರೆದೆ: ಸೆಲ್ಲು, ಒಂದೇ ವೈರಿನಲ್ಲಿ ಒಂದರ ಹಿಂದೆ ಒಂದು ಎರಡು ಬಲ್ಬು. ಎರಡೂ ಒಂದೇ ಥರದ ಬಲ್ಬು. ಯಾವುದು ಜಾಸ್ತಿ ಉರಿಯುತ್ತದೆ? ಎ: ಸೆಲ್ಲಿನ ಪ್ಲಸ್ ಕಡೆ ಇರುವುದು. ಬಿ: ಮೈನಸ್ ಕಡೆ ಇರುವುದು. ಸಿ: ಎರಡೂ ಒಂದೇ ಸಮ. ಡಿ: ಎರಡೂ ಉರಿಯುವುದಿಲ್ಲ. ಹೊರಗೆ ಮಳೆ ಹೊಯ್ಯುತ್ತಿತ್ತು, ಯಾರೂ ಮಾತಾಡುವ ಪ್ರಶ್ನೆಯೇ ಇರಲಿಲ್ಲ. ಕಾರ್ಡು ಎದ್ದವು. ಅರ್ಧಕ್ಕಿಂತ ಜಾಸ್ತಿ ಜನ ಎ. ಯಾವಾಗಲೂ ಕೈ ಎತ್ತಿ ಸರಿ ಉತ್ತರ ಹೇಳುವ ಹುಡುಗನೂ ಎ. ಕರೆಂಟು ಮೊದಲ ಬಲ್ಬಿನಲ್ಲಿ ಸ್ವಲ್ಪ ಖರ್ಚಾಗುತ್ತದೆ, ಉಳಿದದ್ದು ಎರಡನೆಯದಕ್ಕೆ ಹೋಗುತ್ತದೆ ಅಂತ ಅವರ ಲೆಕ್ಕ. ಇದು ನಮ್ಮ ಮಕ್ಕಳದ್ದೊಂದೇ ಕಥೆಯಲ್ಲ, ಲೋಕದ ಎಲ್ಲ ಕಡೆ ಮಕ್ಕಳು ಹೀಗೇ ಅಂದುಕೊಳ್ಳುತ್ತಾರೆ.

ಸರಿ ಉತ್ತರ ಹೇಳಲಿಲ್ಲ. "ಪಕ್ಕದವರಿಗೆ ನಿಮ್ಮ ಉತ್ತರ ಒಪ್ಪಿಸಿ" ಅಂತ ಬೋರ್ಡಿನಲ್ಲಿ ಬರೆದೆ. ಈ ಕ್ರಮ ನನ್ನದಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನ ಪ್ರೊಫೆಸರ್ ಎರಿಕ್ ಮಜೂರ್ 1990ರ ದಶಕದಲ್ಲಿ ರೂಢಿಗೆ ತಂದದ್ದು. ಒಂದು ಪ್ರಶ್ನೆ ಕೇಳಬೇಕು, ಪ್ರತಿಯೊಬ್ಬರಿಂದಲೂ ಉತ್ತರ ಪಡೆಯಬೇಕು. ಸರಿ ಹೇಳಿದವರು ಸುಮಾರು ನೂರಕ್ಕೆ 30ರಿಂದ 70ರ ಒಳಗಿದ್ದರೆ ಪಕ್ಕಪಕ್ಕದವರು ಚರ್ಚೆ ಮಾಡಲು ಬಿಡಬೇಕು, ಆಮೇಲೆ ಮತ್ತೆ ಅದೇ ಪ್ರಶ್ನೆ. 30ಕ್ಕಿಂತ ಕಡಿಮೆ ಇದ್ದರೆ ಪಾಠವನ್ನೇ ಇನ್ನೊಮ್ಮೆ ಹೇಳಬೇಕು. 70 ದಾಟಿದ್ದರೆ ಚರ್ಚೆಗೆ ಹೊತ್ತು ಕಳೆಯದೆ ಮುಂದೆ ಹೋಗಬಹುದು. ಈ ಲೆಕ್ಕ ಗೊತ್ತಿದ್ದರೆ ಕಾರ್ಡಿಗೂ ಒಂದು ಬೆಲೆ. ಇಲ್ಲದಿದ್ದರೆ ಅದು ಬರೀ ಕ್ವಿಜ್ ಆಟ.

ಶೀಟಿನ ಸದ್ದಿನಲ್ಲಿ ಚರ್ಚೆ ಅಂದರೆ ಕಿವಿಗೆ ಬಾಯಿ ಇಟ್ಟು ಕೂಗುವುದು. ಆದರೂ ಮಾಡಿದರು. ಎರಡನೇ ಸಲ ಸಿ ಜಾಸ್ತಿಯಾಯಿತು, ಎ ಪೂರ್ತಿ ಹೋಗಲಿಲ್ಲ. ಆಗ ಲ್ಯಾಪ್‌ಟಾಪ್ ತೆರೆದೆ.

ಅದರಲ್ಲಿ ಫೆಟ್ ಇದೆ. ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ನೊಬೆಲ್ ವಿಜೇತ ವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರುಮಾಡಿದ ಯೋಜನೆ. ವಿಜ್ಞಾನ, ಗಣಿತದ ಪ್ರಯೋಗಗಳನ್ನು ಸ್ಕ್ರೀನಿನ ಮೇಲೆ ನಾವೇ ಮಾಡಿ ನೋಡಬಹುದು. ಪುಕ್ಕಟೆ. ಕೆಲವಕ್ಕೆ ಕನ್ನಡ ಅನುವಾದವೂ ಇದೆ. ಒಂದೊಂದನ್ನೂ ಒಂದೇ ಫೈಲಾಗಿ ಇಳಿಸಿಟ್ಟುಕೊಂಡರೆ ಆಮೇಲೆ ನೆಟ್ ಬೇಡ. ನಮ್ಮಂಥ ಕಡೆಗೆ ಇದೇ ದೊಡ್ಡ ವಿಷಯ. ಮಂಡಲ ಕಟ್ಟುವ ಪ್ರಯೋಗದಲ್ಲಿ ಸೆಲ್ಲು, ವೈರು, ಬಲ್ಬು ಎಳೆದು ಜೋಡಿಸಿದರೆ ವೈರಿನೊಳಗೆ ಎಲೆಕ್ಟ್ರಾನುಗಳು ಸಣ್ಣ ಚುಕ್ಕಿಗಳಾಗಿ ಓಡುವುದು ಕಾಣುತ್ತದೆ. ಮೊದಲ ಬಲ್ಬಿನ ಮೊದಲೂ, ಎರಡನೆಯದರ ನಂತರವೂ ಒಂದೇ ವೇಗ. ಮಕ್ಕಳು ಗುಂಪು ಗುಂಪಾಗಿ ಬಂದು ತಾವೇ ಜೋಡಿಸಿ ನೋಡಿದರು. ಪ್ರೊಜೆಕ್ಟರ್ ಹಾಕಲಿಲ್ಲ, ಕರೆಂಟ್ ಇರಲಿಲ್ಲ. ಹಳೆಯ ಲ್ಯಾಂಪಿನ ಪ್ರೊಜೆಕ್ಟರ್ 250-300 ವ್ಯಾಟ್ ಎಳೆಯುತ್ತದೆ. ಶಾಲೆಯ ಯುಪಿಎಸ್‌ಗೆ ಅದು ಭಾರ. ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಲ್ಲೇ ಎರಡು ಪೀರಿಯಡ್ ನಡೆಸುತ್ತದೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ಆ ಪಾಠ ಇಷ್ಟು ನೆನಪಿರುತ್ತಿರಲಿಲ್ಲ. ಮಾರನೇ ದಿನ ನಿಜವಾದ ಸೆಲ್ಲು, ಟಾರ್ಚ್ ಬಲ್ಬು ತಂದು ಜೋಡಿಸಿದೆವು. ಒಂದು ಬಲ್ಬು ಚೆನ್ನಾಗಿ ಉರಿಯಿತು, ಇನ್ನೊಂದು ಮಿಣುಕು. ಅದೂ ಪ್ಲಸ್ ಕಡೆಯದೇ ಜಾಸ್ತಿ ಉರಿಯಿತು! ಎ ಹಿಡಿದವರ ಮುಖ ನೋಡಬೇಕಿತ್ತು. "ನೋಡಿ ಟೀಚರ್, ಕಂಪ್ಯೂಟರ್ ಸುಳ್ಳು ಹೇಳ್ತದೆ" ಅಂತ ಒಬ್ಬ. ನಾನು ಏನೂ ಹೇಳಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾವತ್ತೂ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದು ಬಂದಳು. ಎರಡು ಬಲ್ಬನ್ನೂ ಬಿಚ್ಚಿದಳು, ಜಾಗ ಅದಲು ಬದಲು ಮಾಡಿ ಮತ್ತೆ ಹಾಕಿದಳು. ಮಿಣುಕು ಬಲ್ಬು ಪ್ಲಸ್ ಕಡೆಗೆ ಬಂದರೂ ಮಿಣುಕೇ. ಚೆನ್ನಾಗಿ ಉರಿಯುತ್ತಿದ್ದದ್ದು ಆ ಕಡೆ ಹೋದರೂ ಚೆನ್ನಾಗೇ ಉರಿಯಿತು. ಜಾಗದಿಂದ ಏನೂ ಆಗುವುದಿಲ್ಲ, ಬಲ್ಬೇ ಬೇರೆ ಅಂತ ತರಗತಿಗೆ ಗೊತ್ತಾಯಿತು. ಒಂದು ಎರಡು ಸೆಲ್ಲಿನ ಟಾರ್ಚಿನದು, ಇನ್ನೊಂದು ಮೂರು ಸೆಲ್ಲಿನ ಟಾರ್ಚಿನದು. ಅವಳ ಕಾರ್ಡಿನ ಉತ್ತರ ಏನಿತ್ತು ಅಂತ ಸಂಜೆ ಫೋನಿನಲ್ಲಿ ನೋಡಿದೆ. ಎರಡು ಸಲವೂ ಸಿ. ಆ ಮಗು ಈ ಮೊದಲು ಎಷ್ಟು ಸರಿ ಉತ್ತರಗಳನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಮನೆಗೆ ಹೋಗಿದ್ದಾಳೋ ಅಂತ ಅನ್ನಿಸಿತು.

ಇನ್ನು ಮಳೆಯ ಲೆಕ್ಕ. ಇದು ನನಗೆ ಬಹಳ ಇಷ್ಟವಾದ ಕೆಲಸ.

ಕೊಡಗಿನಲ್ಲಿ ಮಳೆಯನ್ನು ಯಾರೂ ಮಿಲಿಮೀಟರಿನಲ್ಲಿ ಮಾತಾಡುವುದಿಲ್ಲ. ಇಂಚು, ಸೆಂಟು. 100 ಸೆಂಟ್ ಅಂದರೆ ಒಂದು ಇಂಚು. ದೊಡ್ಡ ತೋಟಗಳಲ್ಲಿ ಮಳೆ ಅಳೆಯುವ ಮಾಪನ ಇರುತ್ತದೆ, ತೋಟದ ಲೆಕ್ಕ ಬರೆಯುವ ರೈಟರ್ ದಿನಾ ಬೆಳಗ್ಗೆ ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ. ಎಷ್ಟೋ ತೋಟಗಳಲ್ಲಿ ಅಜ್ಜನ ಕಾಲದ ಮಳೆ ಪುಸ್ತಕಗಳಿವೆ. ಪಠ್ಯದಲ್ಲಿ ಮಾತ್ರ ಮಿಲಿಮೀಟರ್. ಒಂದು ಇಂಚಿಗೆ 25.4 ಮಿಲಿಮೀಟರ್ ಅನ್ನುವ ಲೆಕ್ಕ ಮಕ್ಕಳಿಗೆ ಪರೀಕ್ಷೆಗೆ ಬೇಕೋ ಬೇಡವೋ, ಪೇಪರ್ ಓದಲು ಬೇಕು.

ಆರನೇ ತರಗತಿಯ ಮಕ್ಕಳು ಒಂದು ಲೀಟರಿನ ನೀರಿನ ಬಾಟಲಿಗೆ ಆಲಿಕೆ ಇಟ್ಟು ಮಾಪನ ಮಾಡಿದರು. ಶಾಲೆಯ ಅಂಗಳದಲ್ಲಿ ಮರದ ಕೊಂಬೆ ತಾಗದ ಕಡೆ ಇಟ್ಟರು. ಒಂದು ಬೆಳಗ್ಗೆ ಬಾಟಲಿಯಲ್ಲಿ 80 ಮಿಲಿಮೀಟರ್ ನೀರು. ಪಕ್ಕದ ತೋಟದ ರೈಟರ್ ಹೇಳಿದ್ದು ಒಂದು ಇಂಚು 40 ಸೆಂಟ್, ಅಂದರೆ ಸುಮಾರು 35.6 ಮಿಲಿಮೀಟರ್. ಇಷ್ಟು ವ್ಯತ್ಯಾಸ ಯಾಕೆ? "ರೈಟರ್ ಅಣ್ಣ ನಿದ್ದೆಗಣ್ಣಲ್ಲಿ ಬರ್ದಿದ್ದಾರೆ" ಅಂತ ಒಬ್ಬನ ತೀರ್ಪು. ಆಲಿಕೆಯ ಬಾಯಿ ಅಗಲ ಅಲ್ವಾ ಅಂತ ಇನ್ನೊಬ್ಬಳು. ಅಳೆದರು. ಆಲಿಕೆಯ ಬಾಯಿ 12 ಸೆಂಟಿಮೀಟರ್, ಬಾಟಲಿ 8 ಸೆಂಟಿಮೀಟರ್. 12ನ್ನು 8ರಿಂದ ಭಾಗಿಸಿದರೆ ಒಂದೂವರೆ. 80ನ್ನು ಒಂದೂವರೆಯಿಂದ ಭಾಗಿಸಿದರು, 53 ಬಂತು. ಇನ್ನೂ ತಾಳೆಯಾಗಲಿಲ್ಲ.

ಚೌಕದ ಹಾಳೆಯ ಮೇಲೆ ಎರಡು ವೃತ್ತ ಬರೆದು ಒಳಗಿನ ಮನೆಗಳನ್ನು ಎಣಿಸಲು ಹೇಳಿದೆ. ದೊಡ್ಡದರಲ್ಲಿ ಸಣ್ಣದರ ಎರಡು ಪಟ್ಟಿಗಿಂತ ಜಾಸ್ತಿ ಮನೆಗಳು. ಮಳೆಯನ್ನು ಹಿಡಿಯುವುದು ಬಾಯಿಯ ಅಗಲ ಅಲ್ಲ, ಬಾಯಿಯ ವಿಸ್ತೀರ್ಣ. ಒಂದೂವರೆಯನ್ನು ಒಂದೂವರೆಯಿಂದ ಗುಣಿಸಿದರೆ 2.25. 80ನ್ನು 2.25ರಿಂದ ಭಾಗಿಸಿ ನೋಡಿ. 35.6ರ ಹತ್ತಿರಕ್ಕೇ ಬರುತ್ತದೆ. ಆರನೇ ತರಗತಿಗೆ ವೃತ್ತದ ವಿಸ್ತೀರ್ಣದ ಸೂತ್ರ ಇಲ್ಲ. ಬೇಕಾಗಲೂ ಇಲ್ಲ.

ಇಲ್ಲಿಂದ ಮುಂದೆ ಲ್ಯಾಪ್‌ಟಾಪಿನ ಕೆಲಸ. ಲಿಬ್ರೆಆಫೀಸ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಅದರ ಲೆಕ್ಕದ ಹಾಳೆಯಲ್ಲಿ ಒಂದು ಕಾಲಂ ಬಾಟಲಿಯ ಅಳತೆ, ಒಂದು ಕಾಲಂ 2.25ರಿಂದ ಭಾಗಿಸಿದ್ದು, ಒಂದು ಕಾಲಂ ಇಂಚು. ಸೂತ್ರವನ್ನು ಮಕ್ಕಳೇ ಹಾಕಿದರು. ದಿನಕ್ಕೊಬ್ಬರ ಪಾಳಿ. ಕಕ್ಕಡದಲ್ಲಿ ಒಂದು ದಿನ ಬಾಟಲಿ ತುಂಬಿ ಹೊರಗೆ ಚೆಲ್ಲಿತ್ತು. ಎಷ್ಟು ಮಳೆಗೆ ಬಾಟಲಿ ತುಂಬುತ್ತದೆ ಅಂತ ಲೆಕ್ಕ ಹಾಕಿದರೆ ಮೂರೂವರೆ ಇಂಚಿಗೇ ಮುಗಿಯುತ್ತದೆ. ನಮ್ಮ ಕಡೆ ಮೂರೂವರೆ ಇಂಚು ಯಾವ ಲೆಕ್ಕ! ಆಮೇಲೆ ಆಲಿಕೆ ತೆಗೆದು, ಮೇಲಿನಿಂದ ಕೆಳಗಿನ ತನಕ ಒಂದೇ ಅಗಲ ಇರುವ ಡಬ್ಬಿ ಇಟ್ಟೆವು. ಭಾಗಾಕಾರದ ಕಾಲಂ ಹೋಯಿತು. ಅದು ಹೋದದ್ದಕ್ಕೆ ಮಕ್ಕಳಿಗೆ ಸ್ವಲ್ಪ ಬೇಸರ.

ಹೋಲಿಸಿ ನೋಡಲು ಬೇರೆ ಅಂಕಿಗಳೂ ಸಿಗುತ್ತವೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿಯೇ ಅಳೆದು ಅಂಕಿ ಕಳಿಸುವ ಮಳೆ ಮಾಪನಗಳನ್ನು ಇಟ್ಟಿದ್ದಾರೆ. ಮಳೆಗಾಲದಲ್ಲಿ ಹೋಬಳಿವಾರು ಮಳೆ ವಿವರ ಜಿಲ್ಲೆಯ ಪತ್ರಿಕೆಗಳಲ್ಲಿ ಬರುತ್ತದೆ. ಭಾಗಮಂಡಲ, ಮಡಿಕೇರಿ, ಕುಶಾಲನಗರ ಮೂರರ ಕಂಬಗಳನ್ನು ಪಕ್ಕಪಕ್ಕ ಗ್ರಾಫಿನಲ್ಲಿ ಹಾಕಿದಾಗ ಮಕ್ಕಳು ಸುಮ್ಮನಾದರು. ಭಾಗಮಂಡಲದಲ್ಲಿ ವರ್ಷಕ್ಕೆ 200 ಇಂಚು ದಾಟುವುದು ಹೊಸತಲ್ಲ. ಅದೇ ಜಿಲ್ಲೆಯ ಪೂರ್ವಕ್ಕೆ, ಕುಶಾಲನಗರದ ಕಡೆ, ಅದರ ಕಾಲು ಭಾಗದ ಆಸುಪಾಸು. ಅರಬ್ಬೀ ಸಮುದ್ರದಿಂದ ಬರುವ ಮೋಡ ಪಶ್ಚಿಮಘಟ್ಟ ಹತ್ತುವಾಗಲೇ ಸುರಿದು ಖಾಲಿಯಾಗುತ್ತದೆ ಅಂತ ಸಮಾಜ ಪುಸ್ತಕದಲ್ಲಿ ಒಂದು ಸಾಲು ಇದೆ. ಆ ಸಾಲನ್ನು ಅವರು ತಮ್ಮದೇ ಅಂಕಿಗಳಲ್ಲಿ ನೋಡಿದರು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ವರ್ಷದ ಅಂಕಿ ಬೇಕು ಅಂತ ಒಬ್ಬ ಕೇಳಿದ. ರೈಟರ್ ಹಳೆಯ ಪುಸ್ತಕ ತಂದು ತೋರಿಸಿದರು.

ಪಾಠಕ್ಕೆ ಸೇರಿದ್ದಲ್ಲವಾದರೂ ಹೇಳುತ್ತೇನೆ, ಆ ಪುಸ್ತಕ ಶಾಲೆಗೆ ಬಂದ ದಿನ ರೈಟರ್ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಬಂದಿದ್ದರು.

ಮಳೆ ಬಿಟ್ಟ ಮೇಲೆ ಫೋಲ್ಡ್‌ಸ್ಕೋಪ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಅವರ ಜೊತೆಯವರು ಮಾಡಿದ ಕಾಗದದ ಮೈಕ್ರೋಸ್ಕೋಪ್ ಇದು. ಮಡಚಿ ಜೋಡಿಸಬೇಕು. ಸುಮಾರು 140 ಪಟ್ಟು ದೊಡ್ಡದಾಗಿ ಕಾಣುತ್ತದೆ. ಸಣ್ಣ ಅಯಸ್ಕಾಂತದಿಂದ ಫೋನಿನ ಕ್ಯಾಮೆರಾಕ್ಕೆ ಅಂಟಿಸಿದರೆ ಕಂಡದ್ದನ್ನು ಎಲ್ಲರಿಗೂ ತೋರಿಸಬಹುದು. ಪಠ್ಯದಲ್ಲಿ ಈರುಳ್ಳಿ ಸಿಪ್ಪೆ ನೋಡಿ ಅಂತ ಇದೆ, ನೋಡಿದೆವು. ಆದರೆ ಮಕ್ಕಳು ತಂದದ್ದು ಕಾಫಿ ಎಲೆ. ಅರೇಬಿಕಾ ಎಲೆಯ ಹಿಂಬದಿಯಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಕಿತ್ತಳೆ ಬಣ್ಣದ ಪುಡಿ ಬರುತ್ತದೆ, ಎಲೆ ತುಕ್ಕು ರೋಗ. ಮುಟ್ಟಿದರೆ ಕೈಗೆ ಹತ್ತುತ್ತದೆ. ಅದನ್ನು ಟೇಪಿಗೆ ಅಂಟಿಸಿ ನೋಡಿದರೆ ಒಂದೊಂದು ಬೀಜಕಣವೂ ಕೊಡಗಿನ ಕಿತ್ತಳೆಯ ತೊಳೆಯ ಹಾಗೆ ಕಾಣುತ್ತದೆ. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡು ಅಲ್ಲಿನ ಕಾಫಿ ತೋಟಗಳನ್ನೇ ಮುಗಿಸಿದ್ದು ಈ ಪುಡಿ. "ಇದಕ್ಕೇ ನನ್ನಪ್ಪ ಮೈಲುತುತ್ತ ಸುಣ್ಣ ಕಲೆಸಿ ಹೊಡೆಯೋದು" ಅಂದ ಒಬ್ಬ. ರೊಬಸ್ಟಾ ಎಲೆಯಲ್ಲಿ ಯಾಕೆ ಇಷ್ಟು ಇಲ್ಲ ಅಂತ ಕೇಳಿದ. ರೊಬಸ್ಟಾಕ್ಕೆ ಈ ರೋಗ ತಡೆಯುವ ಶಕ್ತಿ ಜಾಸ್ತಿ ಅಂತ ಹೇಳಿದೆ. ಯಾಕೆ ಜಾಸ್ತಿ ಅಂದ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ಪ್ರವಾಸ ಹೋದಾಗ ಕೇಳೋಣ ಅಂತ ನೋಟ್ ಪುಸ್ತಕದ ಹಿಂದೆ ಬರೆಸಿದ್ದೇನೆ.

ಒದ್ದೆ ಹವೆಗೆ ಲೆನ್ಸುಗಳನ್ನು ಇಡುವ ಬಗ್ಗೆ ಒಂದು ಮಾತು. ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ, ಹೊಸ ಶೂ ಪೆಟ್ಟಿಗೆಗಳಲ್ಲಿ ಬರುವ ಸಿಲಿಕಾ ಪೊಟ್ಟಣ ಹಾಕಿ ಇಡುತ್ತೇನೆ. ಪ್ರೊಜೆಕ್ಟರ್ ಇರುವ ಬೀರುವಿನಲ್ಲಿ ಕರೆಂಟ್ ಇದ್ದಾಗೆಲ್ಲ ಒಂದು ಸಣ್ಣ ಬಲ್ಬು ಉರಿಯುತ್ತಿರುತ್ತದೆ. ನಮ್ಮಲ್ಲಿ ಮದುವೆ ಸೀರೆ ಉಳಿಸಿಕೊಳ್ಳುವ ವಿಧಾನವೇ ಇದು.

ನಮ್ಮ ಸುಗ್ಗಿ ಹಬ್ಬ ಪುತ್ತರಿ ಹತ್ತಿರ ಬಂದಾಗ ಪ್ರೊಜೆಕ್ಟರಿಗೆ ಕೆಲಸ. ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮ ಮಕ್ಕಳಿಗೆ ನಕ್ಷತ್ರ ಕಾಣುವುದೇ ಅಪರೂಪ. ಸ್ಟೆಲೇರಿಯಂ ಅಂತ ಒಂದು ಪುಕ್ಕಟೆ ಸಾಫ್ಟ್‌ವೇರ್ ಯಾವ ದಿನದ, ಯಾವ ಹೊತ್ತಿನ ಆಕಾಶವನ್ನಾದರೂ ತೋರಿಸುತ್ತದೆ. ನೆಟ್ ಬೇಡ. ಪುತ್ತರಿಯ ದಿನ, ಹೊತ್ತು ನಿಶ್ಚಯ ಮಾಡುವುದು ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ. ಹುಣ್ಣಿಮೆ, ರೋಹಿಣಿ ನಕ್ಷತ್ರ ನೋಡಿ ಇಡುತ್ತಾರೆ. ಆ ದಿನದ ತಾರೀಕು ಹಾಕಿ ಸಂಜೆಯ ಆಕಾಶ ತೆರೆದೆ. ಪೂರ್ವದಲ್ಲಿ ತುಂಬು ಚಂದ್ರ, ಅದರ ಹತ್ತಿರವೇ ಕೆಂಪಗೆ ರೋಹಿಣಿ. ಒಂದೊಂದೇ ದಿನ ಮುಂದೆ ಮಾಡಿದರೆ ಚಂದ್ರ ರೋಹಿಣಿಯನ್ನು ಬಿಟ್ಟು ಪೂರ್ವಕ್ಕೆ ಜಾರುತ್ತಾನೆ, ಸುಮಾರು 27 ದಿನಕ್ಕೆ ಮತ್ತೆ ಅಲ್ಲಿಗೇ ಬರುತ್ತಾನೆ. 27 ನಕ್ಷತ್ರ ಯಾಕೆ ಅಂತ ನಾನು ಹೇಳುವ ಮೊದಲೇ ಎಂಟನೇ ತರಗತಿಯವರು ಹೇಳಿದರು. ಹಬ್ಬದ ರಾತ್ರಿ ಕದಿರು ತೆಗೆಯಲು ಗದ್ದೆಗೆ ಹೋದವರು ಮೇಲೆ ನೋಡಿಕೊಂಡು ಬಂದರು. ಹಬ್ಬವಿಲ್ಲದ ಮನೆಯ ಮಕ್ಕಳೂ ಅಂಗಳದಿಂದ ನೋಡಿದರಂತೆ.

ಭಾಷೆಯದ್ದು ಇನ್ನೊಂದು ಸಮಸ್ಯೆ. ನನ್ನ ಒಂದೇ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳಂ, ತಮಿಳು ಆಡುವ ಮಕ್ಕಳಿದ್ದಾರೆ. ಅಸ್ಸಾಂ ಕಡೆಯಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. ಪಾಠ, ಪರೀಕ್ಷೆ ಕನ್ನಡದಲ್ಲಿ. ಇಲ್ಲಿ ಕೆಲಸಕ್ಕೆ ಬಂದದ್ದು ಫೋನಿನ ಸಾದಾ ವಾಯ್ಸ್ ರೆಕಾರ್ಡರ್. ಇಬ್ಬಿಬ್ಬರು ಜಗಲಿಗೆ ಹೋಗಿ, ಬಲ್ಬು ಯಾಕೆ ಉರಿಯಿತು ಅಂತ ಮೊದಲು ತಮ್ಮ ಮಾತಿನಲ್ಲಿ ಹೇಳಿ ರೆಕಾರ್ಡ್ ಮಾಡುತ್ತಾರೆ. ಆಮೇಲೆ ಕನ್ನಡದಲ್ಲಿ ಹೇಳುತ್ತಾರೆ. ಎರಡನ್ನೂ ತಾವೇ ಕೇಳಿಸಿಕೊಂಡು, ಆಮೇಲೆ ಬರೆಯುತ್ತಾರೆ. ಯರವ ಮಾತಿನ ರೆಕಾರ್ಡಿಂಗ್ ನನಗೆ ಅರ್ಥವಾಗುವುದಿಲ್ಲ. ಆ ಮಕ್ಕಳೇ ನನಗೆ ಬಿಡಿಸಿ ಹೇಳುತ್ತಾರೆ, ಟೀಚರಿಗೆ ಪಾಠ ಮಾಡುವ ಖುಷಿಯಲ್ಲಿ. ಉತ್ತರ ಪತ್ರಿಕೆಯಲ್ಲಿ ಎರಡು ಸಾಲು ಬರೆಯುತ್ತಿದ್ದವರು ಈಗ ಅರ್ಧ ಪುಟ ಬರೆಯುತ್ತಾರೆ. ಕಾಗುಣಿತ ತಪ್ಪುತ್ತದೆ, ತಪ್ಪಲಿ.

ಮನೆಯ ಫೋನಿಗೆ ಹೋಂವರ್ಕ್ ಕಳಿಸುವುದನ್ನು ಮಾತ್ರ ನಾನು ಮಾಡುವುದಿಲ್ಲ. ಮನೆಗೊಂದು ಫೋನು, ಅದು ಅಪ್ಪನ ಜೇಬಿನಲ್ಲಿ ತೋಟಕ್ಕೆ ಹೋಗಿರುತ್ತದೆ. ಸಂಜೆ ಏಳಕ್ಕೆ ಬಂದಾಗ ಚಾರ್ಜ್ ಇರುವುದಿಲ್ಲ. 2020ರಲ್ಲಿ ಶಾಲೆ ಮುಚ್ಚಿದಾಗ ಇದೆಲ್ಲ ನೋಡಿದ್ದೇವೆ. ಚಂದನ ವಾಹಿನಿಯಲ್ಲಿ ಸಂವೇದ ಪಾಠ ಬರುತ್ತಿತ್ತು, ನಮ್ಮಲ್ಲಿ ಕರೆಂಟ್ ಇರುತ್ತಿರಲಿಲ್ಲ. ವಿದ್ಯಾಗಮದಲ್ಲಿ ನಾವೇ ಊರೂರಿಗೆ ಹೋಗಿ ಪಾಠ ಮಾಡಿದ್ದೇ ಹೆಚ್ಚು ಕೆಲಸ ಮಾಡಿತು. ಸಿಗ್ನಲ್ ಹುಡುಕಿ ಮಕ್ಕಳು ಗುಡ್ಡ ಹತ್ತಿದ್ದನ್ನು ಪತ್ರಿಕೆಗಳು ಹೊಗಳಿ ಬರೆದವು. ಹೊಗಳುವಂಥದ್ದು ಅದರಲ್ಲಿ ಏನಿತ್ತೋ ನನಗೆ ಇವತ್ತಿಗೂ ತಿಳಿಯದು.

ಡಿಸೆಂಬರಿನಿಂದ ಕಾಫಿ ಕೊಯ್ಲು. ಹಾಜರಿ ಬೀಳುತ್ತದೆ, ಚಿಕ್ಕ ತಮ್ಮ ತಂಗಿಯರನ್ನು ನೋಡಿಕೊಳ್ಳಲು ದೊಡ್ಡವರು ಮನೆಯಲ್ಲಿ ಉಳಿಯುತ್ತಾರೆ. ಇದಕ್ಕೆ ನನ್ನ ಹತ್ತಿರ ಯಾವ ಆ್ಯಪೂ ಇಲ್ಲ. ವಾಪಸ್ ಬಂದವರಿಗೆ ಹಳೆಯ ಕಾರ್ಡಿನ ಪ್ರಶ್ನೆಗಳನ್ನು ಮತ್ತೆ ಕೇಳಿ, ಎಲ್ಲಿ ತಪ್ಪಿಹೋಗಿದೆ ಅಂತ ನೋಡಿ ಅಲ್ಲಿಂದ ಹಿಡಿಯುತ್ತೇನೆ.

ಈಚೆಗೆ ಪಕ್ಕದ ಊರಿನ ಶಾಲೆಯ ಟೀಚರ್ ಕಾರ್ಡು ನೋಡಲು ಬಂದಿದ್ದರು. "ಅಕ್ಕಾ, ಎಲ್ಲಿಂದ ಶುರು ಮಾಡಲಿ?" ಅಂತ ಕೇಳಿದರು. ಮೊದಲ ವಾರ ಪಾಠದ ಪ್ರಶ್ನೆಯೇ ಬೇಡ ಅಂದೆ. ಕಾರ್ಡು ಹಿಡಿದು ಅಭ್ಯಾಸವಾಗಲಿ. ಇವತ್ತು ಬೆಳಗ್ಗೆ ಏನು ತಿಂದಿರಿ ಅಂತ ಕೇಳಿ. ಎ: ಅಕ್ಕಿ ರೊಟ್ಟಿ. ಬಿ: ಇಡ್ಲಿ, ದೋಸೆ, ಪುಟ್ಟು. ಸಿ: ಗಂಜಿ. ಡಿ: ಏನೂ ಇಲ್ಲ. ಬಾಯಿಬಿಟ್ಟು ಕೇಳಿದರೆ ಡಿ ಅಂತ ಯಾವ ಮಗುವೂ ಹೇಳುವುದಿಲ್ಲ. ಕಾರ್ಡಿನಲ್ಲಿ ಹೇಳುತ್ತಾರೆ. ನಂಬರ್ ನೋಡಿಕೊಳ್ಳಿ, ಕ್ಷೀರಭಾಗ್ಯದ ಹಾಲು ಬಂದಾಗ ಅವರಿಗೆ ಎರಡನೇ ಲೋಟ ಹಾಕಿಸಿ.